77 ಮನೆಯ ಕರಾರು 26ಕ್ಕೆ ಇಳಿಯುವುದು ಹೇಗೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿದ್ದೇವೆ. ಊರಂಚಿನ ಹೊಲದಲ್ಲಿ 220 ಮನೆ ಕಟ್ಟಲು ಎರಡು ವರ್ಷದ ಹಿಂದೆ ಒಂದು ಕಂಪನಿಗೆ ಅನುಮತಿ ಸಿಕ್ಕಿತು. ಅದರಲ್ಲಿ ಶೇ 35, ಅಂದರೆ 77 ಮನೆಗಳು ಕೈಗೆಟುಕುವ ದರದವಾಗಿರಬೇಕೆಂದು ಕೌನ್ಸಿಲ್ ಕರಾರು ಮಾಡಿಕೊಂಡಿತ್ತು. ಈಗ ಕಂಪನಿ ‘ಲೆಕ್ಕ ಗಿಟ್ಟುತ್ತಿಲ್ಲ, 26 ಮನೆ ಕೊಡುತ್ತೇವೆ’ ಎನ್ನುತ್ತಿದೆ. ಹೀಗೆ ಮಾಡಲು ಬರುತ್ತದೆಯೇ? ಊರವರು ಏನು ಮಾಡಬಹುದು? ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇನೆ, ಸಂಬಳ ವರ್ಷಕ್ಕೆ 46,000 ಪೌಂಡ್. ಇಂಥ ಮನೆ ನಮಗೆ ಸಿಗುವುದುಂಟೇ?

ಉತ್ತರ: ಕಂಪನಿ ಕೇಳಬಹುದು. ಕೌನ್ಸಿಲ್ ಒಪ್ಪಲೇಬೇಕೆಂದೇನಿಲ್ಲ. ನಿಮ್ಮ ಪ್ರಕರಣದಲ್ಲಿ ಕರಾರಿಗೆ ಇನ್ನೂ ಎರಡೇ ವರ್ಷ ಎಂಬುದು ಊರವರ ಕಡೆಗಿರುವ ದೊಡ್ಡ ಬಲ. ಅದು ಯಾಕೆಂದು ಹೇಳುವ ಮೊದಲು ಈ ಕರಾರಿನ ಸ್ವರೂಪ ತಿಳಿದಿರಲಿ.

ನಮ್ಮ ಕಡೆ ಬಡಾವಣೆ ಮಾಡುವವರು ರಸ್ತೆ, ಪಾರ್ಕು, ಸಿಎ ಸೈಟು ಬಿಟ್ಟುಕೊಟ್ಟರೆ ಮಾತ್ರ ಅನುಮೋದನೆ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಇವುಗಳ ಜೊತೆಗೆ ಮನೆಗಳ ಒಂದು ಪಾಲನ್ನೂ ಬಿಟ್ಟುಕೊಡಬೇಕು. ಅದಕ್ಕೆ ಆಧಾರ 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 106. (ಸ್ಕಾಟ್ಲೆಂಡಿನ ಕಾಯ್ದೆ ಬೇರೆ, ಅಲ್ಲಿ ಇದಕ್ಕೆ ಸೆಕ್ಷನ್ 75 ಎನ್ನುತ್ತಾರೆ. ಕೆಳಗೆ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ.) ಕರಾರು ಜಮೀನಿಗೆ ಅಂಟಿಕೊಂಡಿರುತ್ತದೆ. ಕಂಪನಿ ನಾಳೆ ಜಮೀನು ಮಾರಿದರೆ ಕೊಂಡವನೂ ಅದಕ್ಕೆ ಬದ್ಧ, ಮುರಿದರೆ ಕೌನ್ಸಿಲ್ ಕೋರ್ಟಿನಿಂದ ತಡೆ ತರಬಹುದು.

ಶೇಕಡಾವಾರು ಎಷ್ಟಿರಬೇಕೆಂದು ಸಾಮಾನ್ಯವಾಗಿ ಕೇಂದ್ರ ಸರ್ಕಾರ ನಿಗದಿ ಮಾಡುವುದಿಲ್ಲ. ಆಯಾ ಕೌನ್ಸಿಲ್ ತನ್ನ ಲೋಕಲ್ ಪ್ಲಾನಿನಲ್ಲಿ, ಅಂದರೆ ಊರಿನ ಅಭಿವೃದ್ಧಿ ಯೋಜನೆಯಲ್ಲಿ, ಬರೆದುಕೊಳ್ಳುತ್ತದೆ. ರಾಷ್ಟ್ರೀಯ ನೀತಿ ಹಾಕುವ ಒಂದು ಮುಖ್ಯ ಗೆರೆ: 10 ಮನೆಗಿಂತ ಕಡಿಮೆಯ ಯೋಜನೆಗಳಲ್ಲಿ, ಗುರುತಿಸಿದ ಗ್ರಾಮೀಣ ಪ್ರದೇಶ ಬಿಟ್ಟರೆ, ಪಾಲು ಕೇಳುವಂತಿಲ್ಲ. ನಿವೇಶನ ಅರ್ಧ ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 10ಕ್ಕಿಂತ ಕಡಿಮೆ ಮನೆಯಾದರೂ ದೊಡ್ಡ ಯೋಜನೆಯೆಂದೇ ಲೆಕ್ಕ. ಎಷ್ಟೋ ಅರ್ಜಿಗಳು ಸರಿಯಾಗಿ ಒಂಬತ್ತೇ ಮನೆಗೆ ಬರುವುದಕ್ಕೆ ಇದೇ ಕಾರಣ. ಇನ್ನೊಂದು ದೊಡ್ಡ ಕಿಂಡಿ, ಆಫೀಸು ಕಟ್ಟಡಗಳನ್ನು ಫ್ಲಾಟು ಮಾಡುವುದು. 2013ರಿಂದ ಇದಕ್ಕೆ ಪೂರ್ಣ ಪ್ಲಾನಿಂಗ್ ಅನುಮತಿಯೇ ಬೇಡವಾಗಿರುವುದರಿಂದ ಅಲ್ಲಿ ಒಂದು ಮನೆಯ ಪಾಲನ್ನೂ ಕೇಳಲು ಬರುವುದಿಲ್ಲ.

ಇನ್ನು ನಿಮ್ಮ ಊರಿನ ವಿಷಯ. ಸೆಕ್ಷನ್ 106 ಕರಾರನ್ನು ಐದು ವರ್ಷದೊಳಗೆ ಬದಲಿಸಬೇಕಾದರೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಕೌನ್ಸಿಲ್ ‘ಆಗುವುದಿಲ್ಲ’ ಎಂದರೆ ಕಂಪನಿಗೆ ಮೇಲ್ಮನವಿಯ ಹಕ್ಕಿಲ್ಲ. ಐದು ವರ್ಷ ಕಳೆದ ಮೇಲೆ ವಿಧಿವತ್ತಾಗಿ ಅರ್ಜಿ ಹಾಕಿ, ತಿರಸ್ಕರಿಸಿದರೆ ಇಂಥ ಮೇಲ್ಮನವಿಗಳನ್ನು ಕೇಳುವ ಸರ್ಕಾರಿ ಸಂಸ್ಥೆಯಾದ ಪ್ಲಾನಿಂಗ್ ಇನ್‌ಸ್ಪೆಕ್ಟರೇಟಿಗೆ ಹೋಗಬಹುದು. ಆಗಲೂ ಪ್ರಶ್ನೆ ‘ಈ ಕರಾರಿನಿಂದ ಈಗಲೂ ಉಪಯೋಗವಿದೆಯೇ’ ಎಂಬುದು, ‘ಬಿಲ್ಡರಿಗೆ ಗಿಟ್ಟುತ್ತದೆಯೇ’ ಎಂಬುದಲ್ಲ. 2013ರಲ್ಲಿ, ಗಿಟ್ಟದಿದ್ದರೆ ಮನೆಗಳ ಪಾಲನ್ನು ಮರುಪರಿಶೀಲಿಸಲೇಬೇಕೆಂಬ ವಿಶೇಷ ಸೆಕ್ಷನ್ ಒಂದನ್ನು ಸೇರಿಸಿದ್ದರು. 2016ರ ಏಪ್ರಿಲಿಗೆ ಅದರ ಅವಧಿ ಮುಗಿಯಿತು. ಈಗಲೂ ಆ ನೆನಪಿನಲ್ಲೇ ಮಾತಾಡುವ ಸಲಹೆಗಾರರಿದ್ದಾರೆ.

ಹಾಗಾದರೆ ಕೌನ್ಸಿಲ್ ಯಾಕೆ ಒಪ್ಪುತ್ತದೆ? ಕಂಪನಿಯ ಕೈಯಲ್ಲಿ ಎರಡು ಅಸ್ತ್ರಗಳಿವೆ. ಒಂದು, ಕೆಲಸ ನಿಲ್ಲಿಸುವುದು: ಕೌನ್ಸಿಲಿಗೆ ವರ್ಷಕ್ಕೆ ಇಷ್ಟು ಮನೆಯೆಂಬ ಗುರಿ ಇರುತ್ತದೆ, ಅದು ತಪ್ಪಿದರೆ ಬೇರೆ ಜಾಗಗಳಲ್ಲಿ ಬೇಡದ ಅರ್ಜಿಗಳನ್ನು ತಿರಸ್ಕರಿಸುವುದು ಕಷ್ಟವಾಗುತ್ತದೆ. ಎರಡು, ಅದೇ ಜಮೀನಿಗೆ ಹೊಸದಾಗಿ ಪ್ಲಾನಿಂಗ್ ಅರ್ಜಿ ಹಾಕಿ ಕಡಿಮೆ ಪಾಲು ತೋರಿಸುವುದು: ಅದನ್ನು ತಿರಸ್ಕರಿಸಿದರೆ ಮೇಲ್ಮನವಿ ಉಂಟು. ಇವೆರಡನ್ನೂ ತೂಗಿ ನೋಡಿಯೇ ಅಧಿಕಾರಿಗಳು ಮಾತುಕತೆಗೆ ಕೂರುತ್ತಾರೆ. ಕೂರುವುದು ತಪ್ಪಲ್ಲ. ಲೆಕ್ಕ ನೋಡದೆ ಏಳುವುದು ತಪ್ಪು.

ಆ ಲೆಕ್ಕಕ್ಕೆ ವೈಯಬಿಲಿಟಿ ವರದಿ ಎನ್ನುತ್ತಾರೆ. ನೂರಾರು ಪುಟವಿದ್ದರೂ ಒಳಗಿರುವುದು ಒಂದೇ ಕಳೆಯುವ ಲೆಕ್ಕ: ಮನೆ ಮಾರಿ ಬರುವ ಒಟ್ಟು ಹಣದಿಂದ ಕಟ್ಟುವ ಖರ್ಚು, ಬಡ್ಡಿ, ಶುಲ್ಕ, ಬಿಲ್ಡರಿನ ಲಾಭ ಇವನ್ನು ಕಳೆ. ಉಳಿದದ್ದು ಜಮೀನಿಗೆ ಕೊಡಬಹುದಾದ ಹಣ. ಜಮೀನುದಾರ ಮಾರಲು ಒಪ್ಪುವಷ್ಟು ಕನಿಷ್ಠ ಮೊತ್ತವನ್ನು ಬೆಂಚ್‌ಮಾರ್ಕ್ ಭೂಬೆಲೆ ಎನ್ನುತ್ತಾರೆ. ಉಳಿದದ್ದು ಅದಕ್ಕಿಂತ ಹೆಚ್ಚಿದ್ದರೆ ಯೋಜನೆ ಗಿಟ್ಟುತ್ತದೆ, ಕಡಿಮೆಯಿದ್ದರೆ ಕೈಗೆಟುಕುವ ಮನೆಗಳ ಸಂಖ್ಯೆಗೆ ಕತ್ತರಿ ಬೀಳುತ್ತದೆ.

ಲೆಕ್ಕದ ಅನುಕೂಲಕ್ಕೆ 100 ಮನೆಯ, 4 ಹೆಕ್ಟೇರಿನ ಒಂದು ಕಲ್ಪಿತ ಯೋಜನೆ ತೆಗೆದುಕೊಳ್ಳಿ. ಮಾರುಕಟ್ಟೆ ಬೆಲೆ ಮನೆಗೆ 3.5 ಲಕ್ಷ ಪೌಂಡ್. ಪಾಲು ಶೇ 30. ಈ 30 ಮನೆಗಳನ್ನು ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮಾರುಕಟ್ಟೆ ಬೆಲೆಯ ಸರಾಸರಿ ಶೇ 60ಕ್ಕೆ, ಅಂದರೆ 2.1 ಲಕ್ಷಕ್ಕೆ ಕೊಳ್ಳುತ್ತದೆ ಎನ್ನೋಣ. ಬರುವ ಹಣ: 70 ಮನೆಯಿಂದ 2.45 ಕೋಟಿ, 30 ಮನೆಯಿಂದ 63 ಲಕ್ಷ, ಒಟ್ಟು 3.08 ಕೋಟಿ ಪೌಂಡ್. ಕಟ್ಟುವ ಖರ್ಚು 1.9 ಕೋಟಿ. ಬಡ್ಡಿ, ಶುಲ್ಕ, ಮಾರಾಟದ ಖರ್ಚು 40 ಲಕ್ಷ. ಶಾಲೆ, ರಸ್ತೆ ಮುಂತಾದವುಗಳ ವಂತಿಗೆ 10 ಲಕ್ಷ. ಲಾಭ ಮಾರುಕಟ್ಟೆ ಮನೆಗಳ ಮೇಲೆ ಶೇ 17.5, ಕೈಗೆಟುಕುವ ಮನೆಗಳ ಮೇಲೆ ಶೇ 6, ಒಟ್ಟು 46.7 ಲಕ್ಷ. ಉಳಿಯುವುದು 21.3 ಲಕ್ಷ. ಹೊಲದ ಬೆಂಚ್‌ಮಾರ್ಕ್ ಬೆಲೆ ಹೆಕ್ಟೇರಿಗೆ 3.75 ಲಕ್ಷದಂತೆ 15 ಲಕ್ಷ. ಯೋಜನೆ ಗಿಟ್ಟುತ್ತದೆ, ಮೇಲೆ 6 ಲಕ್ಷ ಉಳಿಯುತ್ತದೆ.

ಈಗ ಮೂರು ಸಾಲುಗಳನ್ನು ಒಂದೊಂದಾಗಿ ಅಲುಗಾಡಿಸಿ.

ಕಟ್ಟುವ ಖರ್ಚು ಬರೀ ಶೇ 5 ಏರಿತು ಎನ್ನಿ. 9.5 ಲಕ್ಷ ಹೋಯಿತು, ಉಳಿದದ್ದು 11.8 ಲಕ್ಷ. ಮೂರು ಲಕ್ಷ ಚಿಲ್ಲರೆ ಕೊರತೆ. ಒಂದು ಕೈಗೆಟುಕುವ ಮನೆಯನ್ನು ಮಾರುಕಟ್ಟೆ ಮನೆಯಾಗಿ ಬದಲಿಸಿದರೆ ಲಾಭದ ಪಾಲು ಕಳೆದು ಲೆಕ್ಕಕ್ಕೆ ಸುಮಾರು 91,000 ಪೌಂಡ್ ಸೇರುತ್ತದೆ. ಆದ್ದರಿಂದ 4 ಮನೆ ಬಿಟ್ಟರೆ ಸರಿಹೋಗುತ್ತದೆ, 30 ಇದ್ದದ್ದು 26.

ಇದರ ಮೇಲೆ ಲಾಭವನ್ನು ಶೇ 17.5ರ ಬದಲು ಶೇ 20 ಎಂದು ಬರೆಯಿರಿ. ಇನ್ನೂ 6.1 ಲಕ್ಷ ಹೋಯಿತು, ಕೊರತೆ 9.3 ಲಕ್ಷಕ್ಕೆ ಏರಿತು. ಈಗ ಒಂದು ಮನೆ ಬದಲಿಸಿದರೆ ದಕ್ಕುವುದು ಸುಮಾರು 82,600 ಮಾತ್ರ. 12 ಮನೆ ಹೋಗಬೇಕು. ಉಳಿದದ್ದು 18.

ಕೊನೆಗೆ, ಜಮೀನಿಗೆ 15 ಲಕ್ಷವಲ್ಲ, ‘ನಾವು 30 ಲಕ್ಷ ಕೊಟ್ಟು ಕೊಂಡಿದ್ದೇವೆ’ ಎನ್ನಿ. ಕೊರತೆ 24.3 ಲಕ್ಷ. ಮೂವತ್ತಕ್ಕೆ ಮೂವತ್ತೂ ಮನೆ ಹೋದರೆ ಮಾತ್ರ ಲೆಕ್ಕ ಕೂಡುತ್ತದೆ.

ಒಂದು ಸಾಲಿನಲ್ಲೂ ಸುಳ್ಳು ಹೇಳಿದಂತೆ ಕಾಣುವುದಿಲ್ಲ ಎಂಬುದನ್ನು ಗಮನಿಸಿ. ನಿಮ್ಮ ಊರಿನ 77 ಮನೆ 26 ಆದದ್ದು ಹೀಗೆಯೇ ಇರಬಹುದು, ನಿಜವಾದ ಖರ್ಚಿನಿಂದಲೂ ಇರಬಹುದು. ವರದಿ ತೆರೆದು ನೋಡದೆ ಯಾರೂ ಹೇಳಲಾರರು. ತೆರೆದಾಗ ನಾನಾದರೆ ಕೊನೆಯ ಸಾಲಿನಿಂದ ಶುರುಮಾಡುತ್ತೇನೆ.

ಜಮೀನಿನ ಸಾಲಿನ ಬಗ್ಗೆ ನಿಯಮ ಖಚಿತವಾಗಿದೆ. 2018ರಿಂದ ಸರ್ಕಾರದ ಪ್ಲಾನಿಂಗ್ ಮಾರ್ಗಸೂಚಿ ಹೇಳುವುದು: ಬೆಂಚ್‌ಮಾರ್ಕ್ ಎಂದರೆ ಜಮೀನಿನ ಈಗಿನ ಬಳಕೆಯ ಬೆಲೆ, ಜೊತೆಗೆ ಜಮೀನುದಾರನಿಗೆ ಮಾರಲು ಮನಸ್ಸಾಗುವಷ್ಟು ಹೆಚ್ಚುವರಿ. ನಿಜವಾಗಿ ಎಷ್ಟು ಕೊಟ್ಟು ಕೊಂಡಿರಿ ಎಂಬುದು ನೀತಿ ಪಾಲಿಸದಿರಲು ಕಾರಣವಾಗದು. ಇಂಗ್ಲೆಂಡಿನ ಕೃಷಿಭೂಮಿ ಹೆಕ್ಟೇರಿಗೆ 20-25 ಸಾವಿರ ಪೌಂಡಿನ ಆಸುಪಾಸು. ಹಸಿರು ಹೊಲಗಳಿಗೆ ಅದರ ಹತ್ತರಿಂದ ಇಪ್ಪತ್ತು ಪಟ್ಟನ್ನು ಬೆಂಚ್‌ಮಾರ್ಕ್ ಆಗಿ ಹಿಡಿಯುವುದು ವಾಡಿಕೆ. ನಿಮ್ಮ ವರದಿಯಲ್ಲಿ ಅದು ಮೂವತ್ತು, ನಲವತ್ತು ಪಟ್ಟಾಗಿದ್ದರೆ ಪ್ರಶ್ನೆ ಅಲ್ಲಿಂದಲೇ ಏಳಬೇಕು.

ಈ ಮಾತು ಕೋರ್ಟಿನವರೆಗೂ ಹೋಗಿದೆ. ಉತ್ತರ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಪಾರ್ಕ್‌ಹರ್ಸ್ಟ್ ರಸ್ತೆಯ ಹಳೆಯ ಸೇನಾ ಜಾಗವೊಂದನ್ನು ಒಂದು ಕಂಪನಿ 2013ರಲ್ಲಿ 1.325 ಕೋಟಿ ಪೌಂಡಿಗೆ ಕೊಂಡಿತ್ತು. ಅಷ್ಟು ಕೊಟ್ಟ ಮೇಲೆ ಕೈಗೆಟುಕುವ ಮನೆ ಕೊಡಲು ಗಿಟ್ಟುವುದಿಲ್ಲ ಎಂದಿತು. ನೀತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಜಾಗದ ಬೆಲೆ 67.5 ಲಕ್ಷ ಎಂದು ಕೌನ್ಸಿಲ್ ವಾದಿಸಿತು. 2017ರಲ್ಲಿ ಇನ್‌ಸ್ಪೆಕ್ಟರ್ ಕೌನ್ಸಿಲಿನ ಲೆಕ್ಕ ಒಪ್ಪಿದರು, 2018ರಲ್ಲಿ ಹೈಕೋರ್ಟ್ ಕಂಪನಿಯ ತಕರಾರನ್ನು ತಳ್ಳಿಹಾಕಿತು. ಹೆಚ್ಚು ಬೆಲೆ ಕೊಟ್ಟು ಕೊಂಡು, ಆಮೇಲೆ ಆ ಭಾರವನ್ನು ಮನೆಗಳ ಪಾಲಿನಿಂದ ಕಳೆಯುವ ಅಭ್ಯಾಸಕ್ಕೆ ಬಿದ್ದ ಪೆಟ್ಟು ಅದು.

ಲಾಭದ ಸಾಲಿಗೆ ಮಾರ್ಗಸೂಚಿ ಕೊಡುವುದು ಒಟ್ಟು ಮಾರಾಟ ಮೌಲ್ಯದ ಶೇ 15ರಿಂದ 20ರ ಅವಕಾಶ. ಇದು ಲೋಕಲ್ ಪ್ಲಾನ್ ಮಾಡುವಾಗ ಬಳಸಲು ಕೊಟ್ಟ ವ್ಯಾಪ್ತಿ, ಪ್ರತಿ ಬಿಲ್ಡರಿಗೂ ಶೇ 20 ಹಕ್ಕೆಂದಲ್ಲ. ಕೈಗೆಟುಕುವ ಮನೆಗಳಿಗೆ ಕೊಳ್ಳುವವರು ಮೊದಲೇ ಗೊತ್ತಿರುವುದರಿಂದ ಅಪಾಯ ಕಡಿಮೆ, ಹಾಗಾಗಿ ಅಲ್ಲಿ ಶೇ 6 ರೂಢಿ. ಎಲ್ಲ ಮನೆಗಳಿಗೂ ಒಂದೇ ಲಾಭದ ದರ ಹಾಕಿದ್ದರೆ ಅದು ಕಣ್ಣಿಗೆ ಬೀಳಬೇಕಾದ ತಪ್ಪು.

ಕಟ್ಟುವ ಖರ್ಚಿಗೆ ಸಾಮಾನ್ಯವಾಗಿ ಬಿಸಿಐಎಸ್ ಎಂಬ ದತ್ತಾಂಶದ ದರ ಹಾಕುತ್ತಾರೆ. ಅದರಲ್ಲಿ ಮಧ್ಯಮ ದರ, ಕೆಳಗಿನ ಕಾಲುಭಾಗದ ದರ ಎಂದು ಬೇರೆ ಬೇರೆ ಇವೆ. ಸಾವಿರಾರು ಮನೆ ಕಟ್ಟುವ ಕಂಪನಿಗೆ ಇಟ್ಟಿಗೆಯಿಂದ ಅಡುಗೆಮನೆಯ ಕಪಾಟಿನವರೆಗೆ ಸಗಟು ದರ ಸಿಗುತ್ತದೆ. ಅದಕ್ಕೆ ಮಧ್ಯಮ ದರ ಯಾಕೆ ಎಂದು ಕೇಳಿ. ಜೌಗು ನೆಲ, ಹಳೆಯ ತ್ಯಾಜ್ಯ, ಆಳದ ಪಾಯ ಇಂಥ ವಿಶೇಷ ಖರ್ಚುಗಳಿದ್ದರೆ ಅವು ಜಮೀನಿನ ಬೆಲೆಯಲ್ಲಿ ಇಳಿಯಬೇಕು. ಜಮೀನಿಗೆ ಪೂರ್ತಿ ಬೆಲೆ ಇಟ್ಟುಕೊಂಡು ವಿಶೇಷ ಖರ್ಚನ್ನೂ ಬೇರೆಯಾಗಿ ಸೇರಿಸಿದ್ದರೆ ಒಂದೇ ಭಾರವನ್ನು ಎರಡು ಸಲ ಹೊರಿಸಿದ ಹಾಗೆ. ಮಾರಾಟದ ಬೆಲೆಯನ್ನು ನೀವೇ ತಾಳೆ ನೋಡಬಹುದು: ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಪ್ರತಿ ಮನೆ ಎಷ್ಟಕ್ಕೆ ಹೋಯಿತೆಂಬುದು ಉಚಿತವಾಗಿ ಸಿಗುತ್ತದೆ. ಹಳೆಯ ಮನೆಗಳ ಬೆಲೆ ಹಾಕಿ ಹೊಸ ಮನೆಗಳ ಲೆಕ್ಕ ಮಾಡಿದ ವರದಿಗಳು ಅಪರೂಪವಲ್ಲ.

ಲೆಕ್ಕ ಸರಿಯಿದ್ದೂ ಕರಾರು ಕುಸಿಯುವ ಇನ್ನೊಂದು ದಾರಿ ಇದೆ, ಈಚೆಗೆ ಅದೇ ಹೆಚ್ಚಾಗಿದೆ: ಕೊಳ್ಳುವ ಹೌಸಿಂಗ್ ಅಸೋಸಿಯೇಷನ್ ಸಿಗದಿರುವುದು. ಇಂಗ್ಲೆಂಡಿನ ಹೊಸ ಕೈಗೆಟುಕುವ ಮನೆಗಳಲ್ಲಿ ಅರ್ಧದ ಹತ್ತಿರ ಬರುವುದು ಸೆಕ್ಷನ್ 106ರಿಂದ. ಆದರೆ ಅಗ್ನಿ ಸುರಕ್ಷತೆ, ತೇವ, ಬೂಷ್ಟು ಇವುಗಳ ದುರಸ್ತಿ ಹಳೆಯ ಮನೆಗಳಿಗೆ ಹಣ ನುಂಗಿತು, ಬಡ್ಡಿ ಏರಿತು, 2023ರಲ್ಲಿ ಬಾಡಿಗೆ ಏರಿಕೆಗೆ ಶೇ 7ರ ಮಿತಿ ಬಿತ್ತು. ತಾವು ವಿನ್ಯಾಸ ಮಾಡದ, ಅಲ್ಲಲ್ಲಿ ಹತ್ತು ಹದಿನೈದರಂತೆ ಚದುರಿದ, ಖಾಸಗಿ ರಸ್ತೆಗಳ ನಿರ್ವಹಣಾ ಶುಲ್ಕ ಹೊತ್ತ ಮನೆಗಳನ್ನು ಕೊಳ್ಳಲು ಅಸೋಸಿಯೇಷನ್‌ಗಳು ಹಿಂಜರಿಯುತ್ತಿವೆ. ಕೊಳ್ಳುವವರಿಲ್ಲದ ಇಂಥ ಮನೆಗಳು ಕನಿಷ್ಠ 17,000 ಇವೆ ಎಂದು 2024ರ ಕೊನೆಯಲ್ಲಿ ಹೋಮ್ ಬಿಲ್ಡರ್ಸ್ ಫೆಡರೇಷನ್ ಹೇಳಿತು. ಅದು ಬಿಲ್ಡರುಗಳ ಸಂಘ, ಅಂಕಿಯನ್ನು ಆ ಎಚ್ಚರದಲ್ಲೇ ಓದಬೇಕು. ಆದರೂ ಅದೇ ಡಿಸೆಂಬರಿನಲ್ಲಿ ಸರ್ಕಾರದ ವಸತಿ ಸಂಸ್ಥೆ ಹೋಮ್ಸ್ ಇಂಗ್ಲೆಂಡ್ ಇಂಥ ಮನೆಗಳಿಗೆ ಕೊಳ್ಳುವವರನ್ನು ಹೊಂದಿಸಲೆಂದೇ ಒಂದು ಕ್ಲಿಯರಿಂಗ್ ಸೇವೆ ತೆರೆಯಿತು. ನಿಮ್ಮ ಕಂಪನಿಯ ಕಾರಣ ಇದಾದರೆ ಪ್ರಶ್ನೆಗಳೂ ಬೇರೆ: ಎಷ್ಟು ಅಸೋಸಿಯೇಷನ್‌ಗಳಿಗೆ, ಯಾವ ಬೆಲೆಗೆ ತೋರಿಸಿದರು? ಕ್ಲಿಯರಿಂಗ್ ಸೇವೆಗೆ ಹಾಕಿದರೇ? ಕೌನ್ಸಿಲೇ ಕೊಳ್ಳಬಹುದೇ?

ಹೀಗಾಗಿ ಮೊದಲು ಮಾಡಬೇಕಾದದ್ದು ಮೂಲ ಕರಾರು ಓದುವುದು. ಕೌನ್ಸಿಲಿನ ವೆಬ್‌ಸೈಟಿನ ಪ್ಲಾನಿಂಗ್ ರಿಜಿಸ್ಟರಿನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಸಿಗುತ್ತದೆ. ನಾಲ್ಕು ಕಡೆ ಗುರುತು ಹಾಕಿಕೊಳ್ಳಿ. ಮೊದಲನೆಯದು, 77ರಲ್ಲಿ ಯಾವ ಬಗೆ ಎಷ್ಟು ಎಂಬುದು. ಸೋಶಿಯಲ್ ರೆಂಟ್ ಸರ್ಕಾರದ ಸೂತ್ರದ ಬಾಡಿಗೆ, ಎಲ್ಲಕ್ಕಿಂತ ಕಡಿಮೆ. ಅಫೋರ್ಡಬಲ್ ರೆಂಟ್ ಎಂದರೆ ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೆ, ದುಬಾರಿ ಊರಿನಲ್ಲಿ ಹೆಸರಿಗಷ್ಟೇ ಅಗ್ಗ. ಆಮೇಲೆ ಶೇರ್ಡ್ ಓನರ್‌ಶಿಪ್, ಅಂದರೆ ಮನೆಯ ಒಂದು ಪಾಲು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವುದು. ಸಂಖ್ಯೆ ಉಳಿಸಿಕೊಂಡು ಬಗೆ ಬದಲಿಸುವುದೂ ಒಂದು ಕಡಿತವೇ, ಪತ್ರಿಕೆಯಲ್ಲಿ ಮಾತ್ರ ಸುದ್ದಿಯಾಗುವುದಿಲ್ಲ. ಎರಡನೆಯದು, ಯಾವ ಹಂತದಲ್ಲಿ ಹಸ್ತಾಂತರಿಸಬೇಕು ಎಂಬ ಷರತ್ತು: ಉದಾಹರಣೆಗೆ, ಮಾರುಕಟ್ಟೆ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಜನ ಬರುವ ಮುನ್ನ ಕೈಗೆಟುಕುವ ಮನೆಗಳಲ್ಲಿ ಅರ್ಧ ಹಸ್ತಾಂತರವಾಗಿರಬೇಕು ಎಂದಿರುತ್ತದೆ. ಆ ಹಂತ ದಾಟಿದೆಯೇ ಎಂದು ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ದಾಟಿದ್ದರೆ ಕರಾರು ಆಗಲೇ ಮುರಿದಿದೆ, ಆ ಮಾತನ್ನು ಪತ್ರದ ಮೊದಲ ಸಾಲಿನಲ್ಲೇ ಬರೆಯಿರಿ. ಮೂರನೆಯದು, ಕೊಳ್ಳುವವರು ಸಿಗದಿದ್ದರೆ ಮುಂದೇನು ಎಂಬ ಮೆಟ್ಟಿಲುಗಳು: ಇಷ್ಟು ತಿಂಗಳು ಹುಡುಕಬೇಕು, ಆಮೇಲೆ ಮನೆಯ ಬಗೆ ಬದಲಿಸಬಹುದು, ಆಮೇಲೆ ಕೌನ್ಸಿಲಿಗೆ ತೋರಿಸಬೇಕು, ಎಲ್ಲಕ್ಕೂ ಕೊನೆಗೆ ಹಣ ಕಟ್ಟಬಹುದು. ಈ ಮೆಟ್ಟಿಲುಗಳಿಲ್ಲದ ಹಳೆಯ ಕರಾರುಗಳೇ ಈಗ ಸಿಕ್ಕಿಹಾಕಿಕೊಂಡಿರುವುದು. ನಾಲ್ಕನೆಯದು, ಮರುಲೆಕ್ಕದ ಷರತ್ತು.

ಈ ಕೊನೆಯದು ಬಹುಪಾಲು ಕಡೆ ಇರುವುದಿಲ್ಲ, ಇದನ್ನೇ ಊರವರು ಪಟ್ಟು ಹಿಡಿದು ಕೇಳಬೇಕು. ಈಗ ಗಿಟ್ಟುವುದಿಲ್ಲ ಎಂದು ಪಾಲು ತಗ್ಗಿಸಿದರೆ, ನಾಳೆ ಮನೆ ಬೆಲೆ ಏರಿದಾಗ ಆ ಲಾಭ ಯಾರಿಗೆ? ಲಂಡನ್ನಿನಲ್ಲಿ ಮೇಯರ್ 2017ರಲ್ಲಿ ತಂದ ಪದ್ಧತಿ ಇದಕ್ಕೆ ಉತ್ತರ ಕೊಡುತ್ತದೆ. ಆ ಪದ್ಧತಿಯ ಮೂಲ ನಿಯಮದಂತೆ ಖಾಸಗಿ ಜಾಗದಲ್ಲಿ ಶೇ 35, ಸಾರ್ವಜನಿಕ ಜಾಗದಲ್ಲಿ ಶೇ 50 ಕೊಟ್ಟವರಿಗೆ ವೈಯಬಿಲಿಟಿ ವರದಿಯ ಗೋಜೇ ಇಲ್ಲ. ಅದಕ್ಕಿಂತ ಕಡಿಮೆ ಕೊಡುವವರು ಪೂರ್ತಿ ಲೆಕ್ಕ ತೋರಿಸಬೇಕು, ಮುಕ್ಕಾಲುಪಾಲು ಮನೆ ಮಾರಾಟವಾದಾಗ ಮತ್ತೆ ಲೆಕ್ಕ ಕೊಡಬೇಕು. ಹೆಚ್ಚುವರಿ ಬಂದಿದ್ದರೆ ಅದರಲ್ಲಿ ಶೇ 60 ಕೈಗೆಟುಕುವ ಮನೆಗಳಿಗೆ, ಶೇ 40 ಬಿಲ್ಡರಿಗೆ. ಮನೆಯ ಬದಲು ಹಣ ಕೊಡುತ್ತೇವೆಂದರೆ ಸುಲಭಕ್ಕೆ ಒಪ್ಪಬೇಡಿ. ಆ ಹಣ ಖರ್ಚು ಮಾಡಲು ಕರಾರಿನಲ್ಲಿ ಗಡುವು ಇರುತ್ತದೆ, ಅಷ್ಟರಲ್ಲಿ ಕೌನ್ಸಿಲಿಗೆ ಜಾಗ ಸಿಗದಿದ್ದರೆ ಹಣ ಬಿಲ್ಡರಿಗೇ ವಾಪಸ್ಸು. ನಿಮ್ಮ ಕೌನ್ಸಿಲ್ ಇಂಥ ಎಷ್ಟು ಹಣ ಇಟ್ಟುಕೊಂಡು ಕೂತಿದೆ ಎಂಬುದನ್ನು ಅದು ಪ್ರತಿ ಡಿಸೆಂಬರಿನೊಳಗೆ ಪ್ರಕಟಿಸುವ ಇನ್‌ಫ್ರಾಸ್ಟ್ರಕ್ಚರ್ ಫಂಡಿಂಗ್ ಸ್ಟೇಟ್‌ಮೆಂಟಿನಲ್ಲಿ ನೋಡಬಹುದು.

ವೈಯಬಿಲಿಟಿ ವರದಿ ಗೋಪ್ಯವೆಂದು ಅಧಿಕಾರಿ ಹೇಳಿದರೆ ಸುಮ್ಮನಾಗಬೇಡಿ. ತೀರಾ ಅಪವಾದದ ಸಂದರ್ಭ ಬಿಟ್ಟು ಅದು ಬಹಿರಂಗವಾಗಿರಬೇಕೆಂದೇ ಮಾರ್ಗಸೂಚಿ ಹೇಳುತ್ತದೆ. ಕೌನ್ಸಿಲ್ ಸ್ವತಂತ್ರ ಲೆಕ್ಕಿಗರಿಂದ ಮಾಡಿಸಿದ ಪರಿಶೀಲನೆಯ ವರದಿಯನ್ನೂ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಜಗ್ಗಾಟ ನಡೆದಿದೆ ಎಂಬುದು ಕಾಣುತ್ತದೆ. ಕರಾರಿನ ಮಾರ್ಪಾಡು ಕೆಲವೊಮ್ಮೆ ಅಧಿಕಾರಿ ಮಟ್ಟದಲ್ಲೇ ಸದ್ದಿಲ್ಲದೆ ಮುಗಿಯುತ್ತದೆ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಈಗಲೇ ಬರೆದು, ಇದನ್ನು ಪ್ಲಾನಿಂಗ್ ಸಮಿತಿಯ ಮುಂದೆ ತರಿಸಲು ಕೇಳಿಕೊಳ್ಳಿ. ಪತ್ರದಲ್ಲಿ ಬಿಲ್ಡರಿನ ದುರಾಸೆ, ನಿಮ್ಮ ಮನೆ ಬೆಲೆ ಇವು ಬೇಡ, ಪ್ಲಾನಿಂಗ್‌ನಲ್ಲಿ ಅವಕ್ಕೆ ತೂಕವಿಲ್ಲ. ಲೋಕಲ್ ಪ್ಲಾನಿನ ನೀತಿ ಸಂಖ್ಯೆ, ಬೆಂಚ್‌ಮಾರ್ಕ್ ಬೆಲೆ, ಲಾಭದ ದರ, ಮರುಲೆಕ್ಕದ ಷರತ್ತು ಇಷ್ಟೇ ಸಾಕು, ಒಂದೂವರೆ ಪುಟ ದಾಟಬೇಡಿ. ಹೊಸ ಅನುಮತಿ ಕೊಟ್ಟುಬಿಟ್ಟರೆ ಊರವರಿಗೆ ಮೇಲ್ಮನವಿ ಇಲ್ಲ. ಕಾನೂನು ತಪ್ಪಿದ್ದರೆ ಮಾತ್ರ ಆರು ವಾರದೊಳಗೆ ಹೈಕೋರ್ಟಿಗೆ ಹೋಗಬಹುದು, ಅದು ದುಬಾರಿ.

ಇನ್ನು ನಿಮ್ಮ ಮನೆಯ ಮಾತು. ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ‘ಸಾರ್ವಜನಿಕ ನೆರವು ಇಲ್ಲ’ ಎಂಬ ಷರತ್ತು ಇರುತ್ತದೆ. ಕೌನ್ಸಿಲಿನ ಹೌಸಿಂಗ್ ರಿಜಿಸ್ಟರಿನ ಮೂಲಕ ಹಂಚುವ ಮನೆ ಆ ನೆರವಿನ ಪಟ್ಟಿಯಲ್ಲಿದೆ. ಹಾಗಾಗಿ ಸೋಶಿಯಲ್ ರೆಂಟ್, ಅಫೋರ್ಡಬಲ್ ರೆಂಟ್ ಮನೆಗಳನ್ನು ಈಗ ಮರೆತುಬಿಡಿ. ಅರ್ಜಿ ಹಾಕಿ ವೀಸಾಕ್ಕೆ ತೊಡಕು ತಂದುಕೊಳ್ಳಬೇಡಿ. ಶೇರ್ಡ್ ಓನರ್‌ಶಿಪ್ ಬೇರೆ, ಅದು ಪಾಲು ಕೊಳ್ಳುವ ವ್ಯವಹಾರ. ಕುಟುಂಬದ ಆದಾಯ ವರ್ಷಕ್ಕೆ 80,000 ಪೌಂಡ್ (ಲಂಡನ್ನಿನಲ್ಲಿ 90,000) ದಾಟಬಾರದು, ಸಂಗಾತಿಯ ಸಂಬಳವೂ ಇದರಲ್ಲಿ ಸೇರುತ್ತದೆ. ತಾತ್ಕಾಲಿಕ ವೀಸಾದವರಿಗೆ ಸಾಲ ಕೊಡುವವರು ಕಡಿಮೆ, ಕೊಡುವವರೂ ಹೆಚ್ಚು ಮುಂಗಡ ಕೇಳುವುದುಂಟು. ಮನೆ ನೋಡುವ ಮೊದಲು ಬ್ರೋಕರ್ ಹತ್ತಿರ ಮಾತಾಡಿ, ಆಮೇಲೆ ಆ ಹೌಸಿಂಗ್ ಅಸೋಸಿಯೇಷನ್ ನಿಮ್ಮ ವೀಸಾ ಒಪ್ಪುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಖರ್ಚಿನ ಲೆಕ್ಕ ಹೀಗಿರುತ್ತದೆ. 3 ಲಕ್ಷದ ಮನೆಯಲ್ಲಿ ಶೇ 40 ಕೊಂಡರೆ ನಿಮ್ಮ ಪಾಲು 1,20,000 ಪೌಂಡ್. ಉಳಿದ 1,80,000ದ ಮೇಲೆ ವರ್ಷಕ್ಕೆ ಶೇ 2.75 ಬಾಡಿಗೆ, ಅಂದರೆ ತಿಂಗಳಿಗೆ 412 ಪೌಂಡ್ 50 ಪೆನ್ಸ್. ಇದರ ಮೇಲೆ ಸಾಲದ ಕಂತು, ಸರ್ವಿಸ್ ಚಾರ್ಜು, ಬಡಾವಣೆ ನಿರ್ವಹಣಾ ಶುಲ್ಕ. ಬಾಡಿಗೆ ಪ್ರತಿ ವರ್ಷ ಏರುತ್ತದೆ, ಸರ್ವಿಸ್ ಚಾರ್ಜಿಗೆ ಮೇಲ್ಮಿತಿಯೇ ಇರುವುದಿಲ್ಲ. 2021ರ ಮಾದರಿಯ ಲೀಸ್ ಆದರೆ ಮೊದಲ ಹತ್ತು ವರ್ಷ ಕಟ್ಟಡದ ಹೊರಭಾಗದ ದೊಡ್ಡ ದುರಸ್ತಿ ಅಸೋಸಿಯೇಷನ್ನಿನದು, ಹಳೆಯ ಮಾದರಿಯಲ್ಲಿ ಶೇ 40 ಕೊಂಡವರೂ ಶೇ 100 ದುರಸ್ತಿ ಖರ್ಚು ಹೊರಬೇಕು. ಸೆಕ್ಷನ್ 106 ಕರಾರು ಹಳೆಯದಾಗಿದ್ದರೆ ಹೊಸ ಮನೆಗೂ ಹಳೆಯ ಮಾದರಿಯ ಲೀಸ್ ಬರುವ ಸಾಧ್ಯತೆ ಇರುತ್ತದೆ. ಯಾವ ಮಾದರಿ ಎಂಬುದು ‘ಕೀ ಇನ್‌ಫರ್ಮೇಷನ್ ಡಾಕ್ಯುಮೆಂಟ್’ ಎಂಬ ಕಾಗದದಲ್ಲಿರುತ್ತದೆ, ಮುಂಗಡ ಕಾಯ್ದಿರಿಸುವ ಹಣ ಕಟ್ಟುವ ಮುನ್ನ ಅದನ್ನು ಕೇಳಿ ತರಿಸಿಕೊಳ್ಳಿ.